ಇನ್ನೊಂದು ಸಾಕ್ಸ್ ಎಲ್ಲೋಯ್ತು?

ಚಿಕ್ಕ ಮಕ್ಕಳ ಸ್ಕೂಲು ಎಷ್ಟು ಗಂಟೆಗೆ ಶುರು ಅಂತ ಕೇಳಿದ್ರೆ ಎಲ್ಲರೂ ಬೆಲ್ ಹೊಡೆಯೋ ಟೈಮ್ ಹೇಳ್ತಾರೆ, ಆದ್ರೆ ಮಕ್ಕಳಿರೋ ಮನೆಯವರಿಗೆ ಗೊತ್ತು, ಅದು ಶುರುವಾಗೋದು ಒಂದು ಸಾಕ್ಸ್ ಕಾಣದೇ ಹೋದಾಗ. ಎರಡೂ ಒಟ್ಟಿಗೆ ಕಳೆದುಹೋದ್ರೆ ಬೇರೆ ಜೊತೆ ಹಾಕಿ ಕಳಿಸಬಹುದು, ಆದ್ರೆ ಅದು ಯಾವತ್ತೂ ಹಾಗಾಗಲ್ಲ, ಒಂದು ಕೈಲಿ ಇರತ್ತೆ, ಇನ್ನೊಂದು ಮಂಚದ ಕೆಳಗೋ, ಬಟ್ಟೆ ರಾಶಿಯಲ್ಲೋ, ನಿನ್ನೆ ಬಿಚ್ಚಿಟ್ಟ ಶೂ ಒಳಗೇ ಮುದುರಿಕೊಂಡೋ ಕೂತಿರತ್ತೆ. ಅಮ್ಮ ಬಾಚಣಿಗೆ ಹಿಡ್ಕೊಂಡು ಮಂಚದ ಕೆಳಗೆ ಬಗ್ಗಿರ್ತಾಳೆ, ಅಪ್ಪ ಗಾಡಿ ಕೀ ಹಿಡ್ಕೊಂಡು ಬಾಗಿಲಲ್ಲಿ ನಿಂತು "ಇನ್ನೂ ಆಗ್ಲಿಲ್ವಾ?" ಅಂತಿರ್ತಾನೆ (ಈ ಇಡೀ ಯಜ್ಞದಲ್ಲಿ ಎಷ್ಟೋ ಅಪ್ಪಂದಿರ ಪಾಲು ಈ ಒಂದು ಮಾತು ಅಷ್ಟೇ), ಮತ್ತೆ ಯಾರಿಗೋಸ್ಕರ ಇಷ್ಟೆಲ್ಲಾ ನಡೀತಿದೆಯೋ ಆ ಮಹಾನುಭಾವ ಒಂದು ಕಾಲಿಗೆ ಸಾಕ್ಸ್ ಹಾಕ್ಕೊಂಡು ನೆಲದ ಮೇಲೆ ಕೂತು ಒಂದು ಇರುವೆ ಗೋಡೆ ಹತ್ತೋದನ್ನ ನೋಡ್ತಿರ್ತಾನೆ. ಅವನಿಗೆ ಯಾವ ಅರ್ಜೆಂಟೂ ಇಲ್ಲ. ಇರುವೆಗೂ ಇಲ್ಲ.

ಅವನ ತಪ್ಪೇನೂ ಇಲ್ಲ ಬಿಡಿ. ಆರು ವರ್ಷದ ಮಗುಗೆ ಗಡಿಯಾರ ಅನ್ನೋದು ಗೋಡೆ ಮೇಲೆ ಟಿಕ್ ಟಿಕ್ ಅನ್ನೋ ಒಂದು ವಸ್ತು. ಅದರ ಮುಳ್ಳು ನೋಡಿ ಟೈಮ್ ಹೇಳೋದನ್ನೇ ಸ್ಕೂಲಲ್ಲಿ ಇನ್ನೂ ಕಲಿಸ್ತಿರ್ತಾರೆ, ಇನ್ನು ಅದನ್ನ ನೋಡಿ ಗಾಬರಿ ಆಗೋದನ್ನ ಕಲಿಯೋದಕ್ಕೆ ತುಂಬಾ ವರ್ಷ ಬೇಕು. ನಾವು ದೊಡ್ಡವರು ಅದಕ್ಕೆ ಮಾಡೋ ಸಹಾಯ ಹೇಗಿರತ್ತೆ ನೋಡಿ. ಸಂಜೆ ಆಟಕ್ಕೆ ಕರೆದ್ರೆ "ಐದು ನಿಮಿಷ ಇರು ಪುಟ್ಟಾ" ಅಂತ ಫೋನ್ ಹಿಡ್ಕೊಂಡು ಕೂತು ಮುಕ್ಕಾಲು ಗಂಟೆ ಕಳೀತೀವಿ, ಬೆಳಗ್ಗೆ "ಐದೇ ನಿಮಿಷ ಇದೆ" ಅಂತ ಕೂಗಿ ಅರ್ಧ ನಿಮಿಷಕ್ಕೇ ಕೈ ಹಿಡಿದು ಎಳೀತೀವಿ. ಎರಡೂ ಐದೇ ನಿಮಿಷ. ಇದನ್ನ ನೋಡಿ ಬೆಳೆಯೋ ಮಗು ಐದು ನಿಮಿಷ ಅಂದ್ರೆ ದೊಡ್ಡೋರ ಮೂಡ್ ಅಂತ ತೀರ್ಮಾನ ಮಾಡಿಕೊಂಡಿದ್ರೆ ಅದು ಬುದ್ಧಿವಂತಿಕೆನೇ.

ಆದ್ರೆ ಗೇಟಲ್ಲಿ ಬೈಸಿಕೊಳ್ಳೋದು ಯಾರು? ರಾತ್ರಿ ಮಲಗೋದು ಲೇಟಾಗಿದ್ದು ಮನೆಯವರ ಟಿವಿಯಿಂದ, ಅಲಾರಾಂ ಆಫ್ ಮಾಡಿ ಮತ್ತೆ ಮುಸುಕು ಹಾಕ್ಕೊಂಡಿದ್ದು ಅಪ್ಪ, ಗಾಡಿಗೆ ಪೆಟ್ರೋಲ್ ಇಲ್ಲ ಅಂತ ನೆನಪಾಗಿದ್ದು ದಾರೀಲಿ. ಆದ್ರೂ ಲೇಟ್ ಕಮರ್ಸ್ ಲೈನಲ್ಲಿ ಬ್ಯಾಗ್ ಹೊತ್ಕೊಂಡು ನಿಲ್ಲೋದು ಮಾತ್ರ ಮೂರಡಿ ಎತ್ತರದ ಮಗು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅನ್ನೋದಕ್ಕೆ ಇದಕ್ಕಿಂತ ಚೆನ್ನಾಗಿರೋ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರೈಮರಿ ಸ್ಕೂಲಲ್ಲಿ ಲೇಟಾಗಿ ಬರೋ ಮಗು ಅಂತ ಒಂದಿರಲ್ಲ, ಲೇಟಾಗಿ ಹೊರಡೋ ಮನೆ ಅಂತ ಇರತ್ತೆ, ಅಷ್ಟೇ.

ಲೇಟಾಗಿ ಬಂದ ಮಗು ಕ್ಲಾಸೊಳಗೆ ಹೋಗೋದನ್ನ ಒಂದ್ಸಲ ಹೊರಗಡೆ ನಿಂತು ನೋಡಬೇಕು. ಬಾಗಿಲ ಹತ್ರ ಬಂದು ಮೊದಲು ನಿಲ್ಲತ್ತೆ, ಬ್ಯಾಗ್ ಪಟ್ಟಿ ಎರಡೂ ಕೈಲಿ ಹಿಡ್ಕೊಂಡು. "ಮೇ ಐ ಕಮ್ ಇನ್ ಮಿಸ್" ಅನ್ನೋದು ಅರ್ಧ ಗಂಟಲಲ್ಲೇ ಉಳಿಯತ್ತೆ, ಮಿಸ್ ಬೋರ್ಡ್ ಕಡೆ ತಿರುಗಿರೋದ್ರಿಂದ ಕೇಳಿಸಿರಲ್ಲ, ಆದ್ರೆ ಮೊದಲನೇ ಬೆಂಚಿನವರಿಗೆ ಕೇಳಿಸಿರತ್ತೆ, ಅವರು "ಮಿಸ್ ಮಿಸ್" ಅಂತ ಇಡೀ ಕ್ಲಾಸಿಗೇ ಘೋಷಣೆ ಮಾಡ್ತಾರೆ, ಅಷ್ಟೂ ತಲೆ ಒಟ್ಟಿಗೆ ತಿರುಗತ್ತೆ. ದಿನಾ ಕೂರೋ ಜಾಗದಲ್ಲಿ ಆಗ್ಲೇ ಬೇರೆ ಯಾರೋ ಕೂತಿರ್ತಾರೆ. ಯಾವ ಪುಸ್ತಕ ತೆಗೀಬೇಕು ಅಂತ ಪಕ್ಕದವನನ್ನ ಕೇಳಿದ್ರೆ "ಮಾತಾಡಬೇಡ" ಅನ್ನೋ ಬೈಗುಳ ಇವನಿಗೇ. ಹತ್ತು ನಿಮಿಷ ಲೇಟು ಅಂತ ನಾವು ಲೆಕ್ಕ ಹಾಕ್ತೀವಿ, ಆ ಮಗು ಸರಿಯಾಗಿ ಉಸಿರು ಬಿಟ್ಟು ಕೂರೋ ಹೊತ್ತಿಗೆ ಅರ್ಧ ಪೀರಿಯಡ್ ಮುಗಿದಿರತ್ತೆ. ಅದೂ ಅಲ್ಲದೆ ಮಕ್ಕಳ ಮುಖ್ಯವಾದ ವ್ಯವಹಾರ ಎಲ್ಲಾ ಬೆಲ್ ಹೊಡೆಯೋಕೆ ಮುಂಚೆನೇ ನಡೆಯೋದು, ಇವತ್ತು ಯಾರು ಯಾರ ಫ್ರೆಂಡು, ಆಟಕ್ಕೆ ಯಾರ ಟೀಮು, ಯಾರ ಹಲ್ಲು ಬಿತ್ತು. ಲೇಟಾಗಿ ಬಂದವನು ಪಾಠ ಕಾಪಿ ಮಾಡ್ಕೊಬಹುದು, ಬಿದ್ದ ಹಲ್ಲನ್ನ ಮೊದಲ ಸಲ ನೋಡೋ ಚಾನ್ಸ್ ಮತ್ತೆ ಸಿಗಲ್ಲ.

ಇನ್ನು ಹತ್ತು ನಿಮಿಷದ ಲೆಕ್ಕಾನೇ ಮಾಡೋದಾದ್ರೆ ಅದೂ ಸಣ್ಣದಲ್ಲ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ಅಂದ್ರೆ ದಿನಕ್ಕೆ ನಾಲ್ಕು ಗಂಟೆ. ದಿನಾ ಹತ್ತು ನಿಮಿಷ ಲೇಟಾದ್ರೆ 200 ದಿನಕ್ಕೆ 2000 ನಿಮಿಷ, ಹತ್ತಿರ ಹತ್ತಿರ 33 ಗಂಟೆ, ಎಂಟು ದಿನಕ್ಕಿಂತ ಜಾಸ್ತಿ ಪಾಠ ಹೋಯ್ತು. "ನಮ್ಮ ಮಗು ಒಂದಿನಾನೂ ತಪ್ಪಿಸಲ್ಲ, ಸ್ವಲ್ಪ ಲೇಟಾಗತ್ತೆ ಅಷ್ಟೇ" ಅನ್ನೋರು ಒಂದು ವಾರದ ಮೇಲೆ ರಜ ಹಾಕಿಸಿರ್ತಾರೆ, ಲೀವ್ ಲೆಟರ್ ಕೂಡ ಕೊಡದೆ.

ರಜದ ಕಥೆ ಬೇರೆ ಥರ. ಅದು ಯಾವತ್ತೂ ದೊಡ್ಡದಾಗಿ ಬರಲ್ಲ, ಒಂದೊಂದೇ ದಿನ ಬರತ್ತೆ, ಪ್ರತಿ ಸಲಾನೂ ಒಂದು ಒಳ್ಳೆ ಕಾರಣ ಹಿಡ್ಕೊಂಡೇ ಬರತ್ತೆ. ನೆಂಟರು ಬಂದಿದ್ರು, ರಾತ್ರಿ ಬರೋದು ಲೇಟಾಯ್ತು, ಸ್ವಲ್ಪ ಶೀತ ಇತ್ತು, ನಾಳೆ ಹೇಗಿದ್ರೂ ರಜ ತಾನೇ ಇವತ್ತು ಒಂದಿನಕ್ಕೆ ಯಾಕೆ. ಅಮೆರಿಕದಲ್ಲಿ ವರ್ಷದ ಶಾಲಾ ದಿನಗಳಲ್ಲಿ ಶೇಕಡಾ 10 ತಪ್ಪಿಸಿದ್ರೆ ಅದನ್ನ ಗಂಭೀರ ಗೈರುಹಾಜರಿ ಅಂತ ಲೆಕ್ಕ ಹಾಕ್ತಾರೆ, ಅಲ್ಲಿ ಬಹುತೇಕ ಕಡೆ 180 ದಿನದ ಸ್ಕೂಲು, ಅಂದ್ರೆ 18 ದಿನ. ಕೇಳೋಕೆ ಜಾಸ್ತಿ ಅನ್ಸತ್ತೆ, ಆದ್ರೆ ತಿಂಗಳಿಗೆ ಎರಡೇ ದಿನ ಕಣ್ರೀ. ತಿಂಗಳಿಗೆ ಎರಡು ದಿನ ತಪ್ಪಿಸೋ ಮಗುನ ನಾವ್ಯಾರೂ ಚಕ್ಕರ್ ಹಾಕೋ ಮಗು ಅನ್ನಲ್ಲ. ಮಾರ್ಕ್ಸ್ ಕಾರ್ಡಲ್ಲಿ ಶೇಕಡಾ 90 ಅಂತ ಕಂಡ್ರೆ ಖುಷಿ ಪಡೋ ಅಭ್ಯಾಸ ಇರೋದ್ರಿಂದ ಹಾಜರಿಯಲ್ಲಿ 90 ಬಂದ್ರೂ ಫಸ್ಟ್ ಕ್ಲಾಸ್ ಅಂದ್ಕೊಂಡುಬಿಡ್ತೀವಿ.

ಮತ್ತೆ ಆ ಮಾತು ಒಂದಿದೆಯಲ್ಲ, "ಎರಡನೇ ಕ್ಲಾಸಲ್ಲಿ ಏನ್ ಮಹಾ ಪಾಠ ಇರತ್ತೆ". ಇದನ್ನ ಹೇಳೋರು ಕಳೆಯೋ ಲೆಕ್ಕದಲ್ಲಿ ಸಾಲ ತಗೊಳ್ಳೋದನ್ನ ಹೇಳಿಕೊಟ್ಟ ದಿನ ರಜ ಹಾಕಿದ ಮಗುವಿನ ನೋಟ್‌ಬುಕ್ ನೋಡಬೇಕು. 52ರಲ್ಲಿ 27 ಕಳೀಬೇಕು. ಎರಡರಲ್ಲಿ ಏಳು ಹೋಗಲ್ಲ, ಪಕ್ಕದಿಂದ ಸಾಲ ತಗೋಬೇಕು ಅನ್ನೋದು ಇವಳಿಲ್ಲದ ದಿನ ಆಗಿಹೋಗಿದೆ. ಮಾರನೇ ದಿನ ಬಂದು ನೋಡಿದ್ರೆ ಎಲ್ಲರೂ ಐದನ್ನ ಹೊಡೆದು ಮೇಲೆ ನಾಲ್ಕು ಬರೀತಿದಾರೆ, ಯಾಕೆ ಅಂತ ಗೊತ್ತಿಲ್ಲ, ಕೇಳೋಕೆ ನಾಚಿಕೆ. ಸರಿ, ತಾನೇ ಒಂದು ದಾರಿ ಹುಡುಕಿಕೊಳ್ತಾಳೆ, ದೊಡ್ಡದರಲ್ಲಿ ಚಿಕ್ಕದು ಕಳೆದ್ರೆ ಆಯ್ತಲ್ಲ, ಏಳರಲ್ಲಿ ಎರಡು ಹೋದ್ರೆ ಐದು, ಐದರಲ್ಲಿ ಎರಡು ಹೋದ್ರೆ ಮೂರು, ಉತ್ತರ 35. ಎಷ್ಟು ನೀಟಾಗಿದೆ ನೋಡಿ, ಒಂದೂ ಕಾಟು ಚಿತ್ತು ಇಲ್ಲ, ಬರೀ ತಪ್ಪು ಅಷ್ಟೇ. ಆ ಉಪಾಯ ಅವಳದ್ದೇ ಸ್ವಂತ ಆವಿಷ್ಕಾರ ಆಗಿರೋದ್ರಿಂದ ಅದರ ಮೇಲೆ ಪ್ರೀತಿನೂ ಜಾಸ್ತಿ, ಬಿಡಿಸೋದು ಮಿಸ್‌ಗೆ ಮೂರು ವಾರದ ಕೆಲಸ. ಒಂದು ದಿನದ ರಜ, ಅದೂ ಸ್ವಲ್ಪ ಶೀತ ಇತ್ತು ಅಂತ.

ಅಪ್ಪ ಅಮ್ಮಂದಿರಿಗೆ ಕಾಳಜಿ ಇಲ್ಲ ಅಂತ ಅಲ್ಲ, ಲೆಕ್ಕ ಇರಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಪ್ರಯೋಗ ಮಾಡಿದ್ರು, 2018ರಲ್ಲಿ ಪ್ರಕಟ ಆಯ್ತು, 28 ಸಾವಿರಕ್ಕೂ ಜಾಸ್ತಿ ಮನೆಗಳನ್ನ ತಗೊಂಡು, ಒಂದಷ್ಟು ಮನೆಗಳಿಗೆ ಪೋಸ್ಟಲ್ಲಿ ಕಾಗದ ಕಳಿಸಿದ್ರು, ನಿಮ್ಮ ಮಗು ಇಲ್ಲಿವರೆಗೆ ಇಷ್ಟು ದಿನ ತಪ್ಪಿಸಿದೆ ಅಂತ. ಬೈಗುಳ ಏನೂ ಇಲ್ಲ. ಅಷ್ಟಕ್ಕೇ ವಿಪರೀತ ರಜ ಹಾಕೋ ಮಕ್ಕಳ ಸಂಖ್ಯೆ ಶೇಕಡಾ 10ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಕಮ್ಮಿ ಆಯ್ತು. ಯಾಕಂದ್ರೆ ತಮ್ಮ ಮಗು ತಪ್ಪಿಸಿರೋ ದಿನಗಳನ್ನ ಮನೆಯವರು ಕಮ್ಮಿ ಅಂದ್ಕೊಂಡಿರ್ತಾರೆ, ಬೇರೆ ಮಕ್ಕಳೂ ಅಷ್ಟೇ ತಪ್ಪಿಸ್ತಾರೆ ಅಂತಾನೂ ಅಂದ್ಕೊಂಡಿರ್ತಾರೆ. ನಮ್ಮ ಮಗು ಮನೇಲಿದ್ದ ದಿನ ನಮಗೆ ನೆನಪಿರತ್ತಾ? ಬಂದ ನೆಂಟರು ನೆನಪಿರ್ತಾರೆ.

ಆದ್ರೆ ಸ್ಕೂಲಿನವರಿಗೆ ಕಾಗದಕ್ಕಿಂತ ಬಹುಮಾನದ ಮೇಲೆ ಒಲವು ಜಾಸ್ತಿ. ವರ್ಷದ ಕೊನೆಗೆ ನೂರಕ್ಕೆ ನೂರು ಹಾಜರಿ ಅಂತ ಒಂದು ಸರ್ಟಿಫಿಕೇಟು, ಎಲ್ಲರೂ ಚಪ್ಪಾಳೆ. ನನಗೆ ಇದರ ಮೇಲೆ ಮೊದಲಿಂದಾನೂ ಒಂದು ಸಿಟ್ಟಿದೆ. ಆ ಮಗುಗೆ ವರ್ಷಪೂರ್ತಿ ಜ್ವರ ಬರಲಿಲ್ಲ ಅನ್ನೋದು ಸಾಧನೆ ಆದ್ರೆ, ಅಮ್ಮೆ ಎದ್ದು ಹದಿನೈದು ದಿನ ಮಲಗಿದ್ದ ಮಗು ಏನು ಪಾಪ ಮಾಡಿತ್ತು? ಇನ್ನು ಆ ಸರ್ಟಿಫಿಕೇಟ್ ಆಸೆಗೆ ಮೂಗು ಸುರಿಸಿಕೊಂಡೇ ಬಂದು ಇಡೀ ಬೆಂಚಿಗೆ ಪ್ರಸಾದ ಹಂಚೋರೂ ಇರ್ತಾರೆ, ಒಬ್ಬನ ನೂರಕ್ಕೆ ನೂರಿಗೆ ನಾಲ್ಕು ಜನರ ಹಾಜರಿ ಹೋಗತ್ತೆ. ಕ್ಯಾಲಿಫೋರ್ನಿಯಾದಲ್ಲಿ 15 ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ, ಆರನೇ ಕ್ಲಾಸಿಂದ ಮೇಲಿನವರು, ಇದನ್ನೂ ಪರೀಕ್ಷೆ ಮಾಡಿ ನೋಡಿದಾರೆ. ಬಹುಮಾನ ಸಿಗತ್ತೆ ಅಂತ ಮುಂಚೆನೇ ಹೇಳಿದ್ರೂ ಹಾಜರಿ ಏನೂ ಏರಲಿಲ್ಲ, ಹೇಳದೆ ಹಠಾತ್ತನೆ ಬಹುಮಾನ ಸಿಕ್ಕ ಮಕ್ಕಳಂತೂ ಆಮೇಲೆ ಬಹುಮಾನ ಸಿಗದವರಿಗಿಂತ ಸ್ವಲ್ಪ ಜಾಸ್ತಿನೇ ತಪ್ಪಿಸಿದ್ರು. ಓ, ನಾನು ಎಲ್ಲರಿಗಿಂತ ಜಾಸ್ತಿ ಬರ್ತಿದೀನಾ, ಹಾಗಾದ್ರೆ ಒಂದಿನ ಹಾಯಾಗಿರೋಣ ಅಂತ. ಮಕ್ಕಳಿಗೆ ಲೆಕ್ಕ ಬರಲ್ಲ ಅಂದೋರು ಯಾರು.

ದಂಡ ಹಾಕಿದ್ರೆ? ಇಸ್ರೇಲಿನ ಹೈಫಾದಲ್ಲಿ ಅದೂ ಆಯ್ತು. ಅಲ್ಲಿ ಕೆಲವು ಡೇ ಕೇರ್‌ಗಳಲ್ಲಿ ಮಗುನ ವಾಪಸ್ ಕರ್ಕೊಂಡು ಹೋಗೋಕೆ ಲೇಟಾಗಿ ಬರೋ ಅಪ್ಪ ಅಮ್ಮಂದಿರಿಗೆ ದಂಡ ಅಂತ ಮಾಡಿದ್ರು, 2000ದಲ್ಲಿ ಪ್ರಕಟ ಆದ ಅಧ್ಯಯನ, ಲೇಟಾಗಿ ಬರೋರು ಕಮ್ಮಿ ಆಗೋದಿರಲಿ, ಜಾಸ್ತಿ ಆದ್ರು. ಮೊದಲು ಪಾಪ ಆ ಟೀಚರ್ ಕಾಯ್ತಿರ್ತಾರೆ ಅನ್ನೋ ಸಂಕೋಚ ಇತ್ತು, ಈಗ ದುಡ್ಡು ಕೊಡ್ತೀವಲ್ಲ ಅನ್ನೋ ಧೈರ್ಯ ಬಂತು. ಆಮೇಲೆ ದಂಡ ತೆಗೆದುಹಾಕಿದ್ರೂ ಸಂಕೋಚ ಮಾತ್ರ ವಾಪಸ್ ಬರಲಿಲ್ಲ.

ಹೊಟ್ಟೆನೋವಿನ ಬಗ್ಗೆ ಹೇಳಲೇಬೇಕು. ಎಲ್ಲರಿಗೂ ಗೊತ್ತಿರೋ ಹೊಟ್ಟೆನೋವು ಅದು, ಸೋಮವಾರ ಬೆಳಗ್ಗೆ ಸರಿಯಾದ ಟೈಮಿಗೆ ಬರತ್ತೆ (ಮನೇಲಿ ಟೈಮ್ ಸೆನ್ಸ್ ಇರೋದು ಅದಕ್ಕೊಂದಕ್ಕೇ), ಬೆಲ್ ಹೊಡೆದು ಅರ್ಧ ಗಂಟೆಗೆ ಹೇಳದೆ ಕೇಳದೆ ಹೋಗತ್ತೆ. ನಾಟಕ ಅಂತ ನಗೋರು ಜಾಸ್ತಿ, ಆದ್ರೆ ಭಯಕ್ಕೆ ನಿಜವಾಗ್ಲೂ ಹೊಟ್ಟೆ ನೋಯತ್ತೆ, ದೊಡ್ಡೋರಿಗೇ ಇಂಟರ್‌ವ್ಯೂ ದಿನ ಏನೇನಾಗತ್ತೆ ಅಂತ ಅವರವರಿಗೆ ಗೊತ್ತು. ಐದಾರು ವರ್ಷದಲ್ಲಿ, ಮತ್ತೆ ಹತ್ತು ಹನ್ನೊಂದರ ಹತ್ರ ಸ್ಕೂಲ್ ಬೇಡ ಅನ್ನೋ ರಾಗ ಜಾಸ್ತಿ ಅಂತ ಡಾಕ್ಟರುಗಳೂ ಹೇಳ್ತಾರೆ. ಹೊಡೆಯೋ ಹುಡುಗ ಇರಬಹುದು, ಗಬ್ಬು ನಾರೋ ಟಾಯ್ಲೆಟ್ ಇರಬಹುದು, ಹಿಂದಿನ ಬೆಂಚಿಂದ ಬೋರ್ಡು ಕಾಣಿಸದೆ ಇರಬಹುದು. ಕೇಳಬೇಕು, ಅದೂ ಬೆಳಗ್ಗೆ ಶೂ ಲೇಸ್ ಕಟ್ಟೋ ಗಡಿಬಿಡಿಲಿ ಅಲ್ಲ, ರಾತ್ರಿ ಲೈಟ್ ಆರಿಸಿದ ಮೇಲೆ, ಆಗ ತಾನಾಗೇ ಹೇಳ್ತಾವೆ. ಜೊತೆಗೆ, ಸುಮ್ಮನೆ ಉಳಿಸಿಕೊಂಡ ದಿನ ಮನೆ ಜಾತ್ರೆ ಥರ ಇರಬಾರದು. ಟಿವಿ, ಫೋನು, ಮುದ್ದು ಎಲ್ಲಾ ಸಿಕ್ಕಿದ್ರೆ ಮಂಗಳವಾರಾನೂ ಹೊಟ್ಟೆ ನೋಯದೆ ಇನ್ನೇನಾಗತ್ತೆ.

ಹಾಗಾದ್ರೆ ಏನ್ ಮಾಡೋದು ಅಂದ್ರೆ, ಬೆಳಗ್ಗೆ ಮಾಡೋಕೆ ಏನೂ ಇಲ್ಲ. ಬೆಳಗ್ಗೆ ಅನ್ನೋದು ಹಿಂದಿನ ರಾತ್ರಿಯ ರಿಸಲ್ಟು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರೆ ತಜ್ಞರು ಹೇಳ್ತಾರೆ, ಏಳಕ್ಕೆ ಏಳಬೇಕಾದ ಮಗು ರಾತ್ರಿ ಹನ್ನೊಂದಕ್ಕೆ ನಮ್ಮ ಜೊತೆ ಸೀರಿಯಲ್ ನೋಡ್ತಿದ್ರೆ ಯಾವ ಅಲಾರಾಂ ಏನು ಮಾಡತ್ತೆ. ಬ್ಯಾಗು ರಾತ್ರಿನೇ ತುಂಬಿರಬೇಕು, ಡೈರಿಗೆ ಸೈನ್ ಆಗಿರಬೇಕು, "ಮಿಸ್ ಇವತ್ತು ಚಾರ್ಟ್ ತರೋಕೆ ಹೇಳಿದ್ರು" ಅನ್ನೋ ಬಾಂಬು ರಾತ್ರಿನೇ ಸಿಡಿದಿರಬೇಕು.

ಸ್ಕೂಲಿನ ಕಡೆಯಿಂದಲೂ ಒಂದು ಮಾತಿದೆ. ಬೇಗ ಬಂದ್ರೆ ಏನಾದ್ರೂ ಸಿಗಬೇಕು, ಸರ್ಟಿಫಿಕೇಟ್ ಅಲ್ಲ, ಒಂದು ಕೆಲಸ. ನನಗೆ ಗೊತ್ತಿರೋ ಒಬ್ಬ ಮಿಸ್ ಮೂರನೇ ಕ್ಲಾಸಿನ ದಿನಾ ಲೇಟಾಗಿ ಬರೋ ಒಂದು ಹುಡುಗಿಗೆ ಬೈಯೋದು ಬಿಟ್ಟು ಬೋರ್ಡ್ ಮೇಲೆ ತಾರೀಖು ಬರೆಯೋ ಡ್ಯೂಟಿ ಕೊಟ್ರು. ಬೆಲ್ ಹೊಡೆಯೋಕೆ ಮುಂಚೆ ನಿನ್ನೇದು ಒರೆಸಿ ಇವತ್ತಿಂದು ಬರೀಬೇಕು, ಬೇರೆ ಯಾರೂ ಚಾಕ್‌ಪೀಸ್ ಮುಟ್ಟೋ ಹಾಗಿಲ್ಲ. ಮೊದಲನೇ ವಾರ ಎರಡು ದಿನ ಲೇಟಾಯ್ತು, ಮಿಸ್ ಏನೂ ಅನ್ನಲಿಲ್ಲ, ತಾರೀಖನ್ನೂ ಬದಲಾಯಿಸಲಿಲ್ಲ, ಕ್ಲಾಸಿನ ಮಕ್ಕಳೆಲ್ಲಾ ಹೋಂವರ್ಕ್ ಮೇಲೆ ನಿನ್ನೆ ತಾರೀಖೇ ಬರ್ಕೊಂಡು ಹೋದ್ರು. ಆಮೇಲಿಂದ ಆ ಮನೇಲಿ ಬೆಳಗ್ಗೆ ಬೇರೆ ಥರ ಆಗಿದೆಯಂತೆ. ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿರೋದು ಅವಳು, "ಅಪ್ಪಾ, ಫೋನ್ ಆಮೇಲೆ ನೋಡು, ನಾನು ಡೇಟ್ ಬರೀಬೇಕು, ನಿನ್ನಿಂದ ಎಲ್ಲರದ್ದೂ ತಪ್ಪಾಗತ್ತೆ" ಅಂತ ಗದರ್ತಾಳಂತೆ, ಅವರಪ್ಪ ಅದನ್ನ ಮಿಸ್ ಹತ್ರಾನೇ ಬಂದು ಕಂಪ್ಲೇಂಟ್ ಮಾಡಿದಾರೆ.