ಊರಿಗೇ ಟಿಕೆಟ್ ಇಟ್ಟವರು

ಮೃಗಾಲಯಕ್ಕೆ ಟಿಕೆಟ್ ಇದೆ, ಮ್ಯೂಸಿಯಂಗೂ ಇದೆ. ಇಡೀ ಊರಿಗೇ ಟಿಕೆಟ್ ಇಟ್ಟರೆ ಹೇಗೆ ಎಂದು ಯೋಚಿಸಿದ್ದು ಇಟಲಿಯ ವೆನಿಸ್ ನಗರಾಡಳಿತ. ಬೆಳಿಗ್ಗೆ ಬಂದು, ಊರು ನೋಡಿ, ರಾತ್ರಿ ಉಳಿಯದೆ ಹೊರಡುವವರು ತಲೆಗೆ 5 ಯೂರೋ ಕಟ್ಟಬೇಕು. ಶುರುವಾಗಿದ್ದು 2024ರ ಏಪ್ರಿಲ್ 25ಕ್ಕೆ. ಅದು ಇಟಲಿಯ ವಿಮೋಚನಾ ದಿನ. ಮುಹೂರ್ತ ಇಟ್ಟವರ ಕೈಗೆ ಬಳೆ ತೊಡಿಸಬೇಕು, ಚಿನ್ನದ್ದೇ.

ಆ ವರ್ಷ ಆಯ್ದ 29 ದಿನ ಮಾತ್ರ ವಸೂಲಿ. ಮರುವರ್ಷ 54 ದಿನ, ಕೊನೆ ಗಳಿಗೆಯಲ್ಲಿ ಬುಕ್ ಮಾಡಿದರೆ 10 ಯೂರೋ.

ಯಾಕಪ್ಪಾ ಅಂದರೆ, ಜನ ಜಾಸ್ತಿ. ಅದೇನೋ ನಿಜ. ಊರಿನ ದೊಡ್ಡ ಕಾಲುವೆ ದಾಟಿಸುವ ರಿಯಾಲ್ಟೊ ಸೇತುವೆ ಮೇಲೆ ಮಧ್ಯಾಹ್ನ ನಿಂತರೆ ನೀರು ಕಾಣೋದಿಲ್ಲ, ಎದುರಿನವರ ಬೆನ್ನಿನ ಚೀಲ ಕಾಣುತ್ತೆ. ಹಾಗಾದರೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟಿದ್ದಾರಾ? ಇಲ್ಲ. ಎಷ್ಟು ಜನ ಬೇಕಾದರೂ ಬರಬಹುದು, ದುಡ್ಡು ಕಟ್ಟಿದರೆ ಸಾಕು. ನಮ್ಮ ದೇವಸ್ಥಾನದಲ್ಲಿ ವಿಶೇಷ ದರ್ಶನದ ಚೀಟಿ ತಗೊಂಡರೆ ಬೇರೆ ಸಾಲಾದರೂ ಸಿಗುತ್ತೆ. ಇಲ್ಲಿ ಕಟ್ಟಿದವರು, ಕಟ್ಟದವರು ಎಲ್ಲ ಅದೇ ಗಲ್ಲಿಯಲ್ಲಿ ಅದೇ ಮೊಣಕೈ ತಿವಿತ.

ಈ ಯೋಜನೆಯ ನಿಜವಾದ ರುಚಿ ಇರೋದು ವಿನಾಯಿತಿ ಪಟ್ಟಿಯಲ್ಲಿ. ಮೊದಲ ದಿನ ಸುಮಾರು 1,13,000 ಜನ ವೆಬ್‌ಸೈಟಿನಲ್ಲಿ ಹೆಸರು ಬರೆಸಿದರು. ದುಡ್ಡು ಕಟ್ಟಿದವರು ಸುಮಾರು 15,700. ಉಳಿದವರೆಲ್ಲ ಒಂದಲ್ಲ ಒಂದು ಲೆಕ್ಕದಲ್ಲಿ ಮಾಫಿ: ಹೋಟೆಲಿನಲ್ಲಿ ಉಳಿದವರು, ಕೆಲಸಕ್ಕೆ ಬರುವವರು, ಓದುವ ಮಕ್ಕಳು. ಊರಿನ ನಿವಾಸಿಗಳ ನೆಂಟರಿಗೂ ಮಾಫಿ ಉಂಟು, ಆದರೆ ಮೂರನೇ ಹಂತದ ಸಂಬಂಧದವರೆಗೆ ಮಾತ್ರ. ಇಟಲಿಯ ಕಾನೂನಿನ ಲೆಕ್ಕದಲ್ಲಿ ಸೋದರಮಾವ ಮೂರನೇ ಹಂತ, ಮಾವನ ಮಗ ನಾಲ್ಕನೇದು. ಅಂದರೆ ವೆನಿಸ್‌ನಲ್ಲಿರುವ ನಿಮ್ಮನ್ನು ನೋಡೋಕೆ ಇಬ್ಬರೂ ಪಕ್ಕದ ದೇಶದಿಂದ ಒಂದೇ ರೈಲಿನಲ್ಲಿ ಬಂದು ಇಳಿದರೆ ಮಾವ ಪುಕ್ಕಟೆ ಒಳಗೆ, ಮಗ 5 ಯೂರೋ ಆಚೆ. ಸಂಬಂಧ ಹಿಡಿದು ಜಗಳ ಆಡೋದು ನಮ್ಮ ಮದುವೆ ಮನೆಯಲ್ಲಿ ಮಾತ್ರ ಅಂದುಕೊಂಡಿದ್ದೆವು.

ಯುರೋಪ್ ಪ್ಯಾಕೇಜಿನಲ್ಲಿ ಹೋಗುವ ನಮ್ಮವರಿಗೆ ಇನ್ನೊಂದು ಸಮಾಧಾನ. ಟೂರಿನವರು ಎಷ್ಟೋ ಸಲ ಉಳಿಸೋದು ದ್ವೀಪವನ್ನು ನೆಲಕ್ಕೆ ಜೋಡಿಸುವ ಉದ್ದ ಸೇತುವೆಯ ಈಚೆ, ಮೆಸ್ತ್ರೆಯಲ್ಲಿ. ಅಲ್ಲಿ ಬೀದಿಯ ಬದಲು ಕಾಲುವೆ ಇಲ್ಲ, ಗೊಂಡೋಲ ದೋಣಿ ಇಲ್ಲ, ಆದರೆ ಅದೂ ವೆನಿಸ್ ನಗರಾಡಳಿತಕ್ಕೇ ಸೇರಿದ್ದು. ಹಾಗಾಗಿ ಅಲ್ಲಿ ಮಲಗಿದವರಿಗೆ ಮಾಫಿ. ಸ್ವಲ್ಪ ಆಚೆ, ಪಾದುವಾದಲ್ಲಿ ಮಲಗಿದ್ದರೆ ಕಟ್ಟಬೇಕು. ನೀವು ಹಗಲು ಊರಿಗೆ ಎಷ್ಟು ಭಾರ ಅನ್ನೋದು ರಾತ್ರಿ ಯಾವ ದಿಂಬಿನ ಮೇಲೆ ತಲೆ ಇಟ್ಟಿರಿ ಅನ್ನೋದರ ಮೇಲೆ ಹೋಗುತ್ತೆ. ಮಾಫಿ ಇದ್ದರೂ ಕ್ಯೂಆರ್ ಕೋಡ್ ಮಾತ್ರ ಬೇಕು. ಕಟ್ಟಬೇಕಾಗಿಲ್ಲ ಅನ್ನೋದಕ್ಕೂ ಒಂದು ಚೀಟಿ.

ಗುಂಪಿಗೂ ಕಟ್ಟಳೆ ಬಂತು. ಒಬ್ಬ ಗೈಡ್ ಹಿಂದೆ 25 ಜನಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಒಂದು ಬಸ್ಸಿನ 50 ಜನ ಒಟ್ಟಿಗೆ ಹೋದರೆ ಊರು ಮುಳುಗುತ್ತೆ, ಎರಡು ಬಾವುಟ ಹಿಡಿದು ಎರಡು ಸಾಲಲ್ಲಿ ಹೋದರೆ ತೇಲುತ್ತೆ.

ಒಳಗೆ ಹೋದಮೇಲೆ ಸುಮ್ನೆ ಕೂರೋಣ ಅಂದರೆ ಅದೂ ಕಷ್ಟ. ಸಂತ ಮಾರ್ಕ್ ಚೌಕದ ಮೆಟ್ಟಿಲ ಮೇಲೆ ಕೂತರೆ ದಂಡ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ. 2019ರಲ್ಲಿ ಜರ್ಮನಿಯ ಇಬ್ಬರು ರಿಯಾಲ್ಟೊ ಸೇತುವೆ ಹತ್ತಿರ ಪುಟ್ಟ ಸ್ಟೌ ಹಚ್ಚಿ ಕಾಫಿ ಮಾಡಿಕೊಂಡರು. 950 ಯೂರೋ ದಂಡ ಹಾಕಿ ಊರು ಬಿಡಿಸಿದರು. ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇಟ್ಟುಕೊಂಡು ಹೋಗುವ ನಮ್ಮ ಅತ್ತೆಯಂದಿರು ಇದನ್ನು ಓದಿಕೊಂಡು ಹೊರಡುವುದು ಒಳ್ಳೆಯದು.

ಇಷ್ಟೆಲ್ಲ ಕಾಪಾಡುತ್ತಿರೋದು ಯಾರಿಗಾಗಿ? ದ್ವೀಪದ ಹಳೆ ಊರಿನಲ್ಲಿ 1951ರ ಹೊತ್ತಿಗೆ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಹತ್ತಿರದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ಈ ಸಂಖ್ಯೆ ತೋರಿಸುವ ಫಲಕವೇ ಇದೆ. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ಬಾಡಿಗೆ ಏರಿತು, ಜನ ಸೇತುವೆ ದಾಟಿ ಹೋದರು. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲನ್ನೂ ಹಾಕಿಲ್ಲ, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ ಇಟ್ಟಿದ್ದಾರೆ. ಉಳಿದ ಸ್ಥಳೀಯರು ಮೊದಲ ದಿನವೇ ಬೀದಿಗಿಳಿದರು. ಬೇಕಾದ್ದು ವಾಸಕ್ಕೆ ಮನೆ, ಟಿಕೆಟ್ ಅಲ್ಲ ಅನ್ನೋದು ಅವರ ತಕರಾರು. ಮೊದಲ ವರ್ಷದ ವಸೂಲಿ ಸುಮಾರು 24 ಲಕ್ಷ ಯೂರೋ. ಜನಸಂದಣಿ? ರಿಯಾಲ್ಟೊ ಮೇಲೆ ಅದೇ ಬೆನ್ನು, ಅದೇ ಚೀಲ.

2025ರ ಜೂನ್‌ನಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಮದುವೆ ಇದೇ ಊರಲ್ಲಿ ನಡೆಯಿತು. ಹೋಟೆಲಿನಲ್ಲಿ ಉಳಿದ ಅತಿಥಿಗಳಿಗೆ ನಿಯಮದ ಪ್ರಕಾರ ಈ 5 ಯೂರೋ ಮಾಫಿ. ಪಾದುವಾದ ಹೋಟೆಲಿನಲ್ಲಿ ಮಲಗಿ ಎದ್ದು, ನೀರಿನ ಬಾಟಲಿ ಹಿಡಿದು ಬಂದ ಪ್ರವಾಸಿಗೆ ಮಾಫಿ ಇಲ್ಲ.

ಕೊನೆಗೆ ಒಂದು ಉಪಯೋಗದ ಮಾತು. ವಸೂಲಿ ಇರೋದು ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ. ಆಮೇಲೆ ವೆನಿಸ್ ಗಟ್ಟಿಮುಟ್ಟಾಗುತ್ತೆ, ಎಷ್ಟು ಜನ ತುಳಿದರೂ ಏನೂ ಆಗಲ್ಲ. ಹಾಗಾಗಿ 3:40ರ ರೈಲಿಗೆ ಬಂದವರು ನಿಲ್ದಾಣದ ಒಳಗೇ ಇಪ್ಪತ್ತು ನಿಮಿಷ ಕೂತು, ಚಕ್ಕುಲಿ ಡಬ್ಬಿ ಖಾಲಿ ಮಾಡಿಕೊಂಡು, ನಾಲ್ಕು ಹೊಡೆದ ಮೇಲೆ ಹೊರಗೆ ಕಾಲಿಡಿ. ನಾಲ್ಕು ಜನ ದೊಡ್ಡವರಿದ್ದರೆ 20 ಯೂರೋ ಉಳಿಯುತ್ತೆ. ಗೊಂಡೋಲ ಹತ್ತಿದರೆ ಅರ್ಧ ಗಂಟೆಗೆ 90 ಯೂರೋ, ಅದು ನಿಮ್ಮ ಹಣೆಬರಹ.