ಹ್ಯಾಮ್ ಕಂಬವನ್ನು ಮೊಬೈಲ್ ಟವರ್ ಲೆಕ್ಕಕ್ಕೆ ಸೇರಿಸಬೇಡಿ

ತುಮಕೂರಿನಲ್ಲಿರುವ ನನ್ನ ತಮ್ಮನಿಗೆ ಹ್ಯಾಮ್ ರೇಡಿಯೋ ಲೈಸೆನ್ಸ್ ಇದೆ. ಹ್ಯಾಮ್ ಅಂದರೆ ಹವ್ಯಾಸಕ್ಕಾಗಿ ಸ್ವಂತ ರೇಡಿಯೋ ಸೆಟ್ಟಿನಲ್ಲಿ ದೂರದವರ ಜೊತೆ ಮಾತಾಡುವವರು. ಪರೀಕ್ಷೆ ಬರೆದು ಪಾಸಾಗಿ, ರೇಡಿಯೋ ಲೈಸೆನ್ಸ್ ಕೊಡುವ ದೆಹಲಿಯ ಸರ್ಕಾರಿ ಕಚೇರಿ ಡಬ್ಲ್ಯೂಪಿಸಿಯಿಂದ ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು, ಪಡೆದವನು. ಆಂಟೆನಾ ಕಟ್ಟಲು ತಾರಸಿ ಮೇಲೆ ಜಿಐ ಪೈಪ್ ನಿಲ್ಲಿಸೋಣ ಅಂತ ಕಚೇರಿಯೊಂದಕ್ಕೆ ಹೋದರೆ ಕೇಳಿದ್ದು, "ಯಾವ ಕಂಪನಿ ಟವರ್? ಬಾಡಿಗೆ ಎಷ್ಟು ಬರುತ್ತೆ?" ಬಾಡಿಗೆ ಬರುವ ಟವರಿಗೂ ಸ್ವಂತ ಆಸಕ್ತಿಗೆ ನಿಲ್ಲಿಸುವ ಕಂಬಕ್ಕೂ ಒಂದೇ ಅರ್ಜಿ ಅಂದ್ರೆ ಹೇಗೆ?

ಎತ್ತರ ಕೇಳುವುದು ಶೋಕಿಗಲ್ಲ. ಹ್ಯಾಮ್‌ಗಳು ಬಳಸುವ 14 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಅಲೆಯ ಉದ್ದ ಸುಮಾರು 20 ಮೀಟರ್. ಆಂಟೆನಾ ಅದರ ಅರ್ಧದಷ್ಟಾದರೂ, ಅಂದರೆ 10 ಮೀಟರ್ ಮೇಲಿದ್ದರೆ ಸಿಗ್ನಲ್ ದೂರ ಹೋಗುತ್ತದೆ. ತೀರಾ ತಗ್ಗಿನಲ್ಲಿದ್ದರೆ ಹೆಚ್ಚಿನದೆಲ್ಲ ನೆತ್ತಿಯ ಕಡೆಗೇ ಹೋಗುತ್ತದೆ. 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನುಗಳು ನಿಂತುಹೋದಾಗ ಪೋರ್ಟ್‌ಬ್ಲೇರಿನಲ್ಲಿದ್ದ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದು ಇಂಥ ಆಂಟೆನಾಗಳಿಂದಲೇ.

ನಾನಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಇಲ್ಲಿ 1985ರಲ್ಲೇ ರೇಡಿಯೋ, ಫೋನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಸಿಸಿ ಪಿಆರ್‌ಬಿ-1 ಎಂಬ ಆದೇಶ ಹೊರಡಿಸಿತು. ಊರಿನ ಆಡಳಿತ ನಿಯಮ ಮಾಡಬಹುದು, ಆದರೆ ಹ್ಯಾಮ್‌ಗಳಿಗೆ ನ್ಯಾಯವಾದ ಅವಕಾಶ ಕೊಡಲೇಬೇಕು, ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುಪಾಡು ಹಾಕಬಾರದು ಅಂತ. ಗೆಳೆಯನೊಬ್ಬ ತನ್ನ ಕಂಬಕ್ಕಾಗಿ ಊರಿನ ಆಡಳಿತಕ್ಕೆ ಕೊಟ್ಟ ಅರ್ಜಿ ನೋಡಿದೆ. ಸೈಟಿನ ನಕ್ಷೆ, ಬೇಲಿಯಿಂದ ಕಂಬಕ್ಕೆ ಎಷ್ಟು ದೂರ, ಬುಡದ ಕಾಂಕ್ರೀಟಿನ ಅಳತೆ, ಎಂಜಿನಿಯರ್ ಸೀಲ್. ಇಷ್ಟೇ. ಏನು ತರಬೇಕು ಅಂತ ಮೊದಲೇ ಗೊತ್ತಿತ್ತು. 200 ಅಡಿ ದಾಟಿದರೆ ಮಾತ್ರ ವಿಮಾನಯಾನ ಇಲಾಖೆಗೂ ತಿಳಿಸಬೇಕು. ವಿಮಾನ ನಿಲ್ದಾಣ ಹತ್ತಿರವಿದ್ದರೆ ಅದಕ್ಕಿಂತ ಕಡಿಮೆಗೂ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆ ಆದೇಶ ಲೇಔಟ್ ಸಂಘಗಳ ಖಾಸಗಿ ಕರಾರಿಗೆ ಅನ್ವಯಿಸುವುದಿಲ್ಲ. ನಮ್ಮ ಸಂಘ ಆಂಟೆನಾ ಬೇಡ ಅಂದಿದೆ. ನನ್ನ ಹಿತ್ತಲಲ್ಲಿ ಬರೀ ಹುಲ್ಲಿದೆ.

ಈ ವಿಷಯದಲ್ಲಿ ತುಮಕೂರೇ ವಾಸಿ. ಪಕ್ಕದ ಮನೆ ಆಂಟಿ ರೇಡಿಯೇಷನ್ ಅಂತ ಹೆದರಿದ್ದರು. ತಮ್ಮ ಅವರನ್ನೂ ಮೊಮ್ಮಗನನ್ನೂ ಕರೆದು ಸೆಟ್ ತೋರಿಸಿದ, ಶ್ರೀಲಂಕಾದ ಹ್ಯಾಮ್ ಒಬ್ಬರ ದನಿ ಕೇಳಿಸಿದ. ಈಗ ಅವರ ಕಾಂಪೌಂಡ್ ಮೂಲೆಗೇ ಒಂದು ಗೈ ವೈರ್ (ಕಂಬ ಬೀಳದಂತೆ ಎಳೆದು ಕಟ್ಟುವ ತಂತಿ) ಕಟ್ಟಿಕೊಳ್ಳಿ ಅಂದಿದ್ದಾರೆ. ಈ ವಿಶ್ವಾಸ ದೊಡ್ಡದು, ನನಗಿಲ್ಲಿ ಸಿಗದ್ದು. ಆದರೆ ಅವರು ನಾಳೆ ಮನೆ ಮಾರಿದರೆ ಬಾಯಿಮಾತಿನ ಒಪ್ಪಿಗೆ ಅಲ್ಲಿಗೇ ಮುಗಿಯಿತು, ಅಲ್ವಾ? ಹೊಸಬರು ದೂರು ಕೊಟ್ಟರೆ ತಮ್ಮನ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಲೈಸೆನ್ಸ್, ತರಂಗಾಂತರ ದೆಹಲಿಯೇ ನೋಡಿಕೊಳ್ಳಲಿ. ಪಾಲಿಕೆಯಿಂದ ಬೇಕಿರುವುದು ಒಂದು ಪುಟ. ತಾರಸಿ ಕಂಬ ಎಷ್ಟು ಎತ್ತರ ಇರಬಹುದು, ಬೆಸ್ಕಾಂ ತಂತಿಯಿಂದ ಎಷ್ಟು ದೂರ ಇರಬೇಕು, ಗೈ ವೈರ್ ಪಕ್ಕದವರ ಜಾಗಕ್ಕೆ ಹೋದರೆ ಯಾರ ಸಹಿ ಬೇಕು, ಸಿಡಿಲಿಗೆ ಅರ್ಥಿಂಗ್ ಹೇಗೆ, ಎಷ್ಟು ದಿನದೊಳಗೆ ಉತ್ತರ ಕೊಡಬೇಕು. ತುಮಕೂರಿನ ಹ್ಯಾಮ್‌ಗಳು ಸೇರಿ ಇದರ ಕರಡು ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಇಲ್ಲಿನ ಊರುಗಳ ನಿಯಮಗಳನ್ನು ಕನ್ನಡದಲ್ಲಿ ಬರೆದು ಕಳಿಸುವ ಕೆಲಸ ನನಗಿರಲಿ.