ದುಡ್ಡು ಮಾಡುವುದು ರಕ್ತದಲ್ಲೇ ಬಂದಿದೆಯೇ?

‘ಆ ಜನರಿಗೆ ದುಡ್ಡು ಮಾಡುವುದು ರಕ್ತದಲ್ಲೇ ಬಂದಿದೆ’ ಎಂಬ ಮಾತನ್ನು ನಮ್ಮ ಕರಾವಳಿಯಲ್ಲಿ ಒಂದಲ್ಲ ಒಂದು ಸಮುದಾಯದ ಕುರಿತು ಎಲ್ಲರೂ ಆಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ದುಡಿಮೆ, ಉಳಿತಾಯಗಳ ಬಗ್ಗೆ ಧರ್ಮ ಏನು ಬೋಧಿಸುತ್ತದೆ ಎನ್ನುವುದಕ್ಕಿಂತ, ಆ ಧರ್ಮದ ನೆರಳಿನಲ್ಲಿ ಯಾರಿಗೆ ಕೆಲಸ ಸಿಗುತ್ತದೆ, ಯಾರಿಗೆ ಯಾರು ಜಾಮೀನು ನಿಲ್ಲುತ್ತಾರೆ, ಆಸ್ತಿ ಯಾರ ಹೆಸರಿಗೆ ಇಳಿಯುತ್ತದೆ ಎನ್ನುವುದೇ ಮನೆಯ ಸ್ಥಿತಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರ ಮಾತು ನಂಬಿ ಕ್ರೈಸ್ತರಾದವರು ಜಾತಿಯ ಜೊತೆಗೆ ಕುಲಕಸುಬನ್ನೂ ಮನೆತನದ ಆಸರೆಯನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ನೇಯ್ಗೆಯ ಕೆಲಸ ಆರಂಭಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ಮನೆಗಳನ್ನು ನಿಲ್ಲಿಸಿದ್ದು ಉಪದೇಶಕ್ಕಿಂತ ಕೈಗೆ ಬಂದ ಕೂಲಿ ಎಂದೇ ನನ್ನ ಅಭಿಪ್ರಾಯ. ಬಡ್ಡಿಯನ್ನು ನಿಷೇಧಿಸುವ ಧರ್ಮಕ್ಕೆ ಸೇರಿದ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. ಖಾತೆಗೆ ಬಿದ್ದ ಬಡ್ಡಿಯನ್ನು ಮನೆಖರ್ಚಿಗೆ ಮುಟ್ಟದೆ ದಾನ ಮಾಡುವ ಕುಟುಂಬಗಳೂ ಅದೇ ಧರ್ಮದಲ್ಲಿವೆ. ಗ್ರಂಥ ಒಂದೇ ಆದರೂ ಮನೆಮನೆಯ ಲೆಕ್ಕ ಬೇರೆ.

ಕಾನೂನಿನ ವಿಷಯವಂತೂ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ ‘ಹಿಂದೂ ಅವಿಭಕ್ತ ಕುಟುಂಬ’ವನ್ನು, ಅಂದರೆ ಕೂಡುಕುಟುಂಬವನ್ನು, ಅದರ ಸದಸ್ಯರಿಂದ ಬೇರೆಯಾದ ಒಬ್ಬ ತೆರಿಗೆದಾರನಂತೆ ಎಣಿಸುತ್ತಾರೆ; ಅದಕ್ಕೆ ಪ್ರತ್ಯೇಕ ಪ್ಯಾನ್ ಇದೆ, ಪ್ರತ್ಯೇಕ ವಿನಾಯಿತಿ ಮಿತಿ ಇದೆ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ, ಮುಸ್ಲಿಮರಿಗೆ, ಕ್ರೈಸ್ತರಿಗೆ ಇಲ್ಲ. ಹಾಗೆಂದು ಎಲ್ಲ ಹಿಂದೂಗಳಿಗೂ ಲಾಭವಾಯಿತೆಂದಲ್ಲ. ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಈ ಸೌಲಭ್ಯದಿಂದ ಬರುವುದೇನೂ ಇಲ್ಲ. ಬಾಡಿಗೆ ಬರುವ ಕಟ್ಟಡವನ್ನು ಹಿರಿಯರು ಬಿಟ್ಟುಹೋದ ಮನೆಯವರಿಗೆ ಬರುತ್ತದೆ. ಧರ್ಮಧರ್ಮಗಳ ನಡುವಿನ ಅಂತರವನ್ನಷ್ಟೇ ಎಣಿಸುತ್ತ ಕುಳಿತರೆ ಒಂದೇ ಧರ್ಮದೊಳಗಿನ ಈ ಅಂತರ ಕಾಣುವುದೇ ಇಲ್ಲ.

ಇನ್ನು ಹರಕೆ. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ದೊಡ್ಡ ಮೊತ್ತ ಕೊಟ್ಟ ಉದ್ಯಮಿಯ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಬರುತ್ತದೆ, ಆ ಹೆಸರು ಅವನ ವ್ಯವಹಾರಕ್ಕೂ ಒದಗುತ್ತದೆ. ಹರಕೆ ಹೇಳಿಕೊಂಡ ನೇಮವನ್ನು, ಅಂದರೆ ದೈವಕ್ಕೆ ಮಾಡಿಸುವ ಕೋಲವನ್ನು, ತೀರಿಸಲು ಸಹಕಾರಿ ಸಂಘದಲ್ಲಿ ಬಳೆ ಅಡವಿಡುವ ಬೀಡಿ ಕಟ್ಟುವವರ ಮನೆಗೆ ಅಂಥ ಆದಾಯವಿಲ್ಲ. ಖರ್ಚು ಮಾಡಿದ ಹಣ ಊರಿಗೇ ಹಂಚಿಹೋಗುತ್ತದೆ, ನಾಗಾರಾಧನೆಯ ಹೂವಿನ ದುಡ್ಡು ಉಡುಪಿ ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಕ್ರೈಸ್ತರ ಮನೆಗೂ ತಲುಪುತ್ತದೆ ಎಂದು ವಾದಿಸುವವರಿದ್ದಾರೆ. ಅದು ನಿಜ, ಆ ಮಟ್ಟಿಗೆ ಸಂತೋಷವೂ ಹೌದು. ಆದರೆ ಅಡವಿನ ಬಡ್ಡಿಯನ್ನು ಊರು ಹಂಚಿಕೊಳ್ಳುವುದಿಲ್ಲ; ಅದನ್ನು ಕಟ್ಟುವುದು ಹರಕೆ ಹೊತ್ತ ಆ ಒಂದೇ ಮನೆ.